ರೀಕ್ಯಾಪ್: ಏಷ್ಯಾದ ಕಡಲ್ಗಳ್ಳತನ ತಡೆ ಒಪ್ಪಂದ

ಏಷ್ಯಾದ ಕಡಲುಗಳಲ್ಲಿ ಹಡಗುಗಳ ಮೇಲಿನ ದಾಳಿಗಳನ್ನು ತಡೆಯಲು ಸರ್ಕಾರಗಳ ನಡುವೆ ಏರ್ಪಟ್ಟ ಮೊದಲ ಪ್ರಾದೇಶಿಕ ಒಪ್ಪಂದವಾದ ‘ರೀಕ್ಯಾಪ್’, 2004ರ ನವೆಂಬರ್ 11ರಂದು ಅಂಗೀಕಾರಗೊಂಡು 2006ರ ಸೆಪ್ಟೆಂಬರ್ 4ರಂದು ಜಾರಿಗೆ ಬಂದಿತು. ಭಾರತವೂ ಇದರ ಸದಸ್ಯ ರಾಷ್ಟ್ರ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 101ನೇ ವಿಧಿಯು, ಯಾವ ದೇಶದ ಅಧಿಕಾರಕ್ಕೂ ಒಳಪಡದ ಮುಕ್ತ ಸಮುದ್ರದಲ್ಲಿ ಖಾಸಗಿ ಉದ್ದೇಶಕ್ಕಾಗಿ ಒಂದು ಹಡಗಿನವರು ಮತ್ತೊಂದರ ಮೇಲೆ ನಡೆಸುವ ಹಿಂಸೆ, ಲೂಟಿಗಳನ್ನು ಕಡಲ್ಗಳ್ಳತನವೆಂದು ಪರಿಗಣಿಸುವುದರಿಂದ, ಕರಾವಳಿ ದೇಶದ ಅಧಿಕಾರವಿರುವ 12 ನಾಟಿಕಲ್ ಮೈಲಿಯೊಳಗಿನ ಪ್ರಾದೇಶಿಕ ಜಲದಲ್ಲಿ ನಡೆಯುವ ಅಂಥ ಕೃತ್ಯವನ್ನು ರೀಕ್ಯಾಪ್ ‘ಸಶಸ್ತ್ರ ದರೋಡೆ’ ಎಂದು ಪ್ರತ್ಯೇಕಿಸುತ್ತದೆ. ಸದಸ್ಯ ರಾಷ್ಟ್ರಗಳ ವರದಿಗಳನ್ನು ಸಿಂಗಾಪುರದ ಮಾಹಿತಿ ವಿನಿಮಯ ಕೇಂದ್ರವು ಕ್ರೋಡೀಕರಿಸುತ್ತದೆ. ಮಲಕ್ಕಾ ಜಲಸಂಧಿಯ ಎರಡು ದಡಗಳಲ್ಲಿರುವ ಮಲೇಷ್ಯಾ ಮತ್ತು ಇಂಡೊನೇಷ್ಯಾ ಒಪ್ಪಂದ ಜಾರಿಯಾದಾಗ ಅದರಿಂದ ಹೊರಗುಳಿದದ್ದು ಅದರ ದೊಡ್ಡ ಕೊರತೆಯೇ ಆದರೂ, ಅವೆರಡೂ 2004ರಲ್ಲೇ ಸಿಂಗಾಪುರದೊಡನೆ ಸಮನ್ವಯದ ಗಸ್ತನ್ನು ಆರಂಭಿಸಿದ್ದವು.