ಸೂಜಿಯ ಅಂಕಿತ: ಮನೆವಾರ್ತೆ, ಹೆಣ್ಣಿನ ದುಡಿಮೆ ಮತ್ತು ಕಲೆಯ ಕರ್ತೃತ್ವ

ಕನ್ನಡದ ಸ್ತ್ರೀವಾದಿ ಅಧ್ಯಯನಗಳು ಹಾಡು, ಕಥೆ, ವಚನಗಳಲ್ಲಿ ಹೆಣ್ಣಿನ ದನಿಯನ್ನು ಗುರುತಿಸಿದಷ್ಟು ವಿಸ್ತಾರವಾಗಿ ಆಕೆಯ ಕೈಗೆಲಸವನ್ನು ಓದಿಲ್ಲ. ಸಾರಣೆ, ರಂಗೋಲಿ, ಹೊಲಿಗೆಗಳು ಒಂದೋ 'ಮನೆಗೆಲಸ'ವೆಂದು ಅವಗಣನೆಗೆ ಒಳಗಾಗುತ್ತವೆ, ಇಲ್ಲವೇ 'ಜಾನಪದ ಕರಕುಶಲತೆ' ಎಂಬ ಶೀರ್ಷಿಕೆಯಡಿ ಸೇರಿಹೋಗುತ್ತವೆ. ಇದೇ ಸೂಜಿ, ದಾರ, ಸಗಣಿ, ಕುಂಕುಮಗಳು ಕಲಾಶಾಲೆಯಲ್ಲಿ ತರಬೇತಿ ಪಡೆದ ಕಲಾವಿದೆಯ ಕೈಸೇರಿದಾಗ 'ಕಲೆ' ಎನಿಸಿಕೊಳ್ಳುತ್ತವೆ. ಈ ಅಂತರ ಹುಟ್ಟುವುದು ಎಲ್ಲಿ? ಶೀಲಾ ಗೌಡ ಅವರ ಒಂದು ಕೃತಿಯನ್ನೂ ಸಂಡೂರಿನ ಲಂಬಾಣಿ ಮಹಿಳೆಯರ ಕಸೂತಿಯನ್ನೂ ಜೊತೆಗಿಟ್ಟು ಈ ಪ್ರಶ್ನೆಯನ್ನು ಚರ್ಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮನೆಯ ಪರಿಕರ, ಕಲೆಯ ಮಾಧ್ಯಮ

1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ಹಾಗೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಅಭ್ಯಾಸ ಮಾಡಿದವರು. ಚಿತ್ರಕಲೆಯಿಂದ ಆರಂಭಿಸಿದ ಅವರು 1990ರ ದಶಕದಲ್ಲಿ ಸಗಣಿ, ದಾರ, ಕುಂಕುಮಗಳಂತಹ ವಸ್ತುಗಳತ್ತ ಹೊರಳಿದರು. 1998ರ ಅವರ ಕೃತಿಯೊಂದರ ಹೆಸರನ್ನು 'ನನ್ನ ನೋವನ್ನು ಅವನಿಗೆ ತಿಳಿಸು' ಎಂದು ಕನ್ನಡಿಸಬಹುದು. ಇದರಲ್ಲಿ ಸೂಜಿಗಳಿಗೆ ಪೋಣಿಸಿದ ನೀಳ ದಾರಗಳನ್ನು ಕುಂಕುಮ ಬೆರೆಸಿದ ಅಂಟಿನಿಂದ ಒಟ್ಟುಗೂಡಿಸಿ ಕೆಂಪು ಹಗ್ಗವಾಗಿಸಲಾಗಿದೆ. ಸೂಜಿಗಳು ಏನನ್ನೂ ಹೊಲಿಯದೆ ಹಗ್ಗದ ತುದಿಯಲ್ಲಿ ಗೊಂಚಲಾಗಿ ನಿಂತಿವೆ.

ಕುಂಕುಮವು ಮುತ್ತೈದೆತನದ ಕುರುಹು. ಇಲ್ಲಿ ಅದು ರಕ್ತದ ಬಣ್ಣವೂ ಹೌದು. ನೋಡುಗರಿಗೆ ಎದುರಾಗುವುದು ಸಿದ್ಧವಸ್ತ್ರವಲ್ಲ, ಅದರ ಹಿಂದಿನ ಏಕತಾನದ ದುಡಿಮೆ. ಮನೆವಾರ್ತೆಯಲ್ಲಿ ಯಾರ ಕಣ್ಣಿಗೂ ಬೀಳದ ಶ್ರಮವನ್ನೇ ಕೃತಿಯು ವಸ್ತುವಾಗಿಸಿಕೊಂಡಿದೆ.

2. ಸಂಡೂರಿನ ಹೊಲಿಗೆ

ಸಂಡೂರಿನ ತಾಂಡಾಗಳಲ್ಲಿ ಸೂಜಿಯ ಚರಿತ್ರೆ ಬೇರೆ. ಲಂಬಾಣಿ ಮಹಿಳೆ ತನ್ನ ಫೇಟಿಯಾ, ಕಾಂಚಳಿಗಳನ್ನು ತಾನೇ ಹೊಲಿದು, ಕನ್ನಡಿ, ಕವಡೆ, ನಾಣ್ಯಗಳನ್ನು ಕೂಡಿಸಿ ಅಲಂಕರಿಸುತ್ತಿದ್ದಳು. ಕಿಲನ್, ವೇಲೆ, ಮಾಕಿ, ನಾಕ್ರಾ, ರೇಲೋ ಮೊದಲಾದ ಹೊಲಿಗೆಗಳು ತಾಯಿಯಿಂದ ಮಗಳಿಗೆ ದಾಟಿಬಂದವು. ಹೊಲಿದವಳೇ ಉಡುವವಳಾಗಿದ್ದ ಆ ಲೋಕದಲ್ಲಿ ಪ್ರತ್ಯೇಕ ಸಹಿಯ ಅಗತ್ಯವಿರಲಿಲ್ಲ. ಉಡುಪು ಮೈಮೇಲೆ ಇರುವುದೇ ಸಹಿಯಾಗಿತ್ತು.

ಈ ಕಸೂತಿ ಚೀಲ, ದಿಂಬಿನ ಕವಚಗಳ ರೂಪದಲ್ಲಿ ಮಾರುಕಟ್ಟೆಗೆ ಬಂದಾಗ ಹೊಲಿಯುವವಳು ಮತ್ತು ಬಳಸುವವಳು ಬೇರೆಯಾದರು. ಸಂಡೂರು ಕುಶಲ ಕಲಾ ಕೇಂದ್ರವು ಈ ಮಹಿಳೆಯರ ಕೆಲಸಕ್ಕೆ ಮಾರುಕಟ್ಟೆಯನ್ನು ಒದಗಿಸಿತು. 'ಸಂಡೂರು ಲಂಬಾಣಿ ಕಸೂತಿ'ಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯಪಡೆಯ ಸಭೆಯ ಸಂದರ್ಭದಲ್ಲಿ, ಕೇಂದ್ರದೊಡನೆ ಸೇರಿದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ರೂಪಿಸಿದ 1,755 ಕಸೂತಿ ತುಂಡುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು.

ಈ ಮನ್ನಣೆ, ಅದರಿಂದ ಬರುವ ಗಳಿಕೆ ಎರಡೂ ಅಲ್ಪವಲ್ಲ. ಆದರೆ ದಾಖಲೆಯ ಘಟಕ ಸಂಖ್ಯೆ. ಭೌಗೋಳಿಕ ಸೂಚಕವೂ ಸ್ವರೂಪತಃ ಸಾಮೂಹಿಕವಾದುದು. ಅದು ಊರಿನ ಹಾಗೂ ಸಮುದಾಯದ ಹೆಸರನ್ನು ಕಾಯುತ್ತದೆಯೇ ಹೊರತು ಹೊಲಿದವಳ ಹೆಸರನ್ನಲ್ಲ. ಕಲಾ ಗ್ಯಾಲರಿಯ ಸೂಜಿಗೆ ಹೆಸರು, ವರ್ಷ, ವಿಮರ್ಶೆಗಳಿವೆ. ಸಂಡೂರಿನ ಸೂಜಿಗೆ ಎಣಿಕೆಯಿದೆ.

3. ಅಂಕಿತದ ಪ್ರಶ್ನೆ

ಸಾಮೂಹಿಕ ಪರಂಪರೆಯಲ್ಲಿ ವ್ಯಕ್ತಿಯ ಹೆಸರನ್ನು ಹುಡುಕುವುದು ಆಧುನಿಕತೆಯ ಹೇರಿಕೆಯಲ್ಲವೇ ಎಂಬ ಆಕ್ಷೇಪವನ್ನು ಎತ್ತಬಹುದು. ಇದಕ್ಕೆ ವಚನ ಪರಂಪರೆಯಲ್ಲಿಯೇ ಉತ್ತರವಿದೆ. 12ನೆಯ ಶತಮಾನದ ಕದಿರ ರೆಮ್ಮವ್ವೆ ನೂಲುವ ಕಾಯಕದವಳು. ತನ್ನ ಕದಿರನ್ನೂ ತನ್ನ ಹೆಸರನ್ನೂ ಆಕೆ ಅಂಕಿತದೊಳಗೇ ಉಳಿಸಿಕೊಂಡಳು. ವಚನಕಾರರ ನುಡಿ, ರೂಪಕಗಳು ಎಲ್ಲರವೂ ಆಗಿದ್ದವು. ಹಾಗೆಂದು ಅಂಕಿತ ಅಳಿಯಲಿಲ್ಲ. ಸಾಮೂಹಿಕತೆ ಮತ್ತು ಕರ್ತೃತ್ವ ಪರಸ್ಪರ ವಿರುದ್ಧವೆಂಬ ತಿಳಿವಳಿಕೆ ನಮ್ಮ ಪರಂಪರೆಗೆ ಅನಿವಾರ್ಯವಲ್ಲ.

ಶೀಲಾ ಗೌಡ ಅವರ ಕೃತಿಯನ್ನು ಮೇಲೆ, ತಾಂಡಾದ ಕಸೂತಿಯನ್ನು ಕೆಳಗೆ ಇಡುವುದು ಈ ಹೋಲಿಕೆಯ ಆಶಯವಲ್ಲ. ಮೊದಲನೆಯದು ದುಡಿಮೆಯನ್ನು ಕಾಣುವ ಕಣ್ಣನ್ನು ಕೊಡುತ್ತದೆ. ಆ ಕಣ್ಣಿನಿಂದ ಎರಡನೆಯದನ್ನು ನೋಡಬೇಕಾದ ಹೊಣೆ ನಮ್ಮದು.

ಕ್ಷೇತ್ರಕಾರ್ಯದಲ್ಲಿ ನಾವು ಹಾಡು ಹೇಳಿದವರ ಹೆಸರು, ವಯಸ್ಸು, ಊರುಗಳನ್ನು ನಮೂದಿಸುವ ಕ್ರಮವನ್ನು ರೂಢಿಸಿಕೊಂಡಿದ್ದೇವೆ. ಅದೇ ಶಿಸ್ತು ಹೊಲಿಗೆಗೂ ಬೇಕು. ಹೊಲಿದವಳ ಒಪ್ಪಿಗೆಯೊಡನೆ ಆಕೆಯ ಹೆಸರು, ಕಲಿಸಿದವಳ ಹೆಸರು, ಹೊಲಿಗೆಗೆ ಗೋರ್‌ಬೋಲಿಯಲ್ಲಿರುವ ಪದ, ಹಿಡಿದ ದಿನಗಳು, ದೊರೆತ ಕೂಲಿ ಇವೆಲ್ಲ ದಾಖಲಾಗಬೇಕು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಕೂಡಿಸಿ ಹೊಲಿಯುವ ಈ ಭಾಗದ ಕೌದಿಗೂ ಇದು ಅನ್ವಯಿಸುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಹಂಪಿಗಳು ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದವು. ಕೌದಿಯ ಅಧ್ಯಯನಕ್ಕೆ ಈ ಗಡಿ ಅಡ್ಡಿಯಾಗಬೇಕಿಲ್ಲ.

ಹೆಣ್ಣಿನ ದನಿಯನ್ನು ಆಲಿಸಲು ಕಲಿತ ಕನ್ನಡ ಸಂಶೋಧನೆ ಇನ್ನು ಆಕೆಯ ಕೈಯನ್ನೂ ಓದಬೇಕಾಗಿದೆ. ಆಗ ಮಾತ್ರ ಎಣಿಕೆಯಲ್ಲಿ ಅಡಗಿರುವ ಸೂಜಿಗೆ ಅಂಕಿತ ಮರಳೀತು.