ಎರೆಭೂಮಿಯ ಅಂಗಳಕ್ಕೆ ಹೂಗಿಡ



ಬಯಲುಸೀಮೆಯ ನಂಟರಿಗೆ ಹೂಗಿಡದ ಕಡ್ಡಿ ಕೊಟ್ಟು ಕಳುಹಿಸುವುದು ಮಲೆನಾಡಿನ ನಮ್ಮಲ್ಲಿ ವಾಡಿಕೆ. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಅಲ್ಲಿನ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ. ಎರಡನ್ನೂ ತಾಳುವ ಗಿಡವೇ ಯೋಗ್ಯ.

ಕಣಗಿಲೆ, ಕಾಗದದ ಹೂ, ದೇವಕಣಗಿಲೆ ಮೂರೂ ಕಡ್ಡಿಯಿಂದ ಬಂದು ಬಹುಕಾಲ ಬಾಳುತ್ತವೆ. ದೇವಕಣಗಿಲೆಯ ಕಡ್ಡಿಯನ್ನು ವಾರಕಾಲ ನೆರಳಿನಲ್ಲಿಟ್ಟು, ಹಾಲು ಆರಿದ ಮೇಲೆ ನೆಡಬೇಕು. ಯಾವುದೇ ಗಿಡವಿರಲಿ, ಸುತ್ತಲಿನ ನೆಲಕ್ಕಿಂತ ಗೇಣು ಎತ್ತರದ ದಿಬ್ಬದ ಮೇಲೆ ನೆಟ್ಟರೆ ನೀರು ನಿಲ್ಲದು. ಮೊದಲ ಎರಡು ಬೇಸಿಗೆ ನೀರು ಕೊಡಬೇಕು. ಬೇರೂರಿದ ಕಾಗದದ ಹೂವಿಗೆ ನೀರು ಹೆಚ್ಚಾದರೆ ಬರೀ ಎಲೆ ಬರುತ್ತದೆ. ಹೂಮಳೆಗೆ ಮೊದಲು ಕಾಫಿ ಮೊಗ್ಗಿಗೂ ಒಣಹವೆ ಬೇಕೆಂಬುದು ನಮಗೆ ಗೊತ್ತಿರುವುದೇ.

ಒಂದು ಎಚ್ಚರಿಕೆ: ಕಣಗಿಲೆ ಪೂಜೆಗೆ ಸಲ್ಲುವ ಹೂವಾದರೂ ಗಿಡವೆಲ್ಲ ವಿಷ. ಒಣಗಿದ ಎಲೆಯೂ ದನವನ್ನು ಕೊಲ್ಲಬಲ್ಲದು. ಕೊಟ್ಟಿಗೆ, ಬಣವೆಗಳಿಂದ ದೂರ ನೆಡಬೇಕು. ಸವರಿದ ಕಡ್ಡಿಗಳನ್ನು ಸುಡದೆ ಹೂಳಬೇಕು. ಸಣ್ಣ ಮಕ್ಕಳು, ದನಕರುಗಳು ಓಡಾಡುವ ಅಂಗಳಕ್ಕೆ ಕಾಗದದ ಹೂವಿನ ಕಡ್ಡಿಯನ್ನೇ ಕಳುಹಿಸೋಣ.