ಆರನೆಯ ಹಲ್ಲಿಗೊಂದು ಹೊದಿಕೆ

ಮಕ್ಕಳೇ, ಕನ್ನಡಿಯ ಮುಂದೆ ಬಾಯಿ ತೆರೆಯಿರಿ. ನಡುವಿನಿಂದ ಹಿಂದಕ್ಕೆ ಎಣಿಸಿ. ಬಿದ್ದ ಹಲ್ಲಿನ ಜಾಗವೂ ಲೆಕ್ಕಕ್ಕಿರಲಿ. ಆರನೆಯದೇ ಅಗಲವಾದ ದವಡೆ ಹಲ್ಲು. ಸುಮಾರು 6ನೇ ವಯಸ್ಸಿನಲ್ಲಿ, ಯಾವ ಹಾಲುಹಲ್ಲೂ ಬೀಳದೆ, ಹಿಂದುಗಡೆ ಸದ್ದಿಲ್ಲದೆ ಹುಟ್ಟುತ್ತದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಇದನ್ನೂ ಹಾಲುಹಲ್ಲೆಂದೇ ತಿಳಿದು, ಹುಳುಕಾದರೆ ‘ಬಿದ್ದು ಹೊಸದು ಬರುತ್ತೆ ಬಿಡು’ ಎನ್ನುತ್ತಾರೆ. ಬರುವುದಿಲ್ಲ! ಇದು ಶಾಶ್ವತ ಹಲ್ಲು.

ಇದರ ಮೇಲೆ ಕಿರಿದಾದ ಗೆರೆಗಳಿವೆ. ಕೆಲವಕ್ಕೆ ಬ್ರಶ್ಶಿನ ಒಂದು ಎಳೆಯೂ ಇಳಿಯದು. ಅಲ್ಲಿ ಉಳಿದ ಸಿಹಿಯಿಂದ ಬ್ಯಾಕ್ಟೀರಿಯಾಗಳು ಆಮ್ಲ ತಯಾರಿಸುತ್ತವೆ. ಆಮ್ಲ ಎನಾಮಲ್ಲನ್ನು ಕರಗಿಸುತ್ತದೆ. (ಹುಳುಕು ಎಂದರೂ ಅಲ್ಲಿ ಹುಳವಿಲ್ಲ!)

ಹುಳುಕಾಗುವ ಮೊದಲೇ ಈ ಗೆರೆಗಳನ್ನು ಮುಚ್ಚುವ ತೆಳು ಹೊದಿಕೆಯೇ ಸೀಲಂಟ್. ಆದರೆ ನುಣುಪಾದ ಎನಾಮಲ್ಲಿಗೆ ಅದು ಅಂಟುವುದು ಹೇಗೆ? 1955ರಲ್ಲಿ ಅಮೆರಿಕದ ಮೈಕೆಲ್ ಬುವೊನೊಕೋರ್ ದಾರಿ ತೋರಿಸಿದರು: ಫಾಸ್ಫಾರಿಕ್ ಆಮ್ಲ ಸವರಿದರೆ ಎನಾಮಲ್ ಒರಟಾಗುತ್ತದೆ, ಗಾರೆ ಹಿಡಿಯಲೆಂದು ಗೋಡೆಯನ್ನು ಒರಟು ಮಾಡುವಂತೆ. ಹಲ್ಲಿನ ವೈರಿಯಾದ ಆಮ್ಲವೇ ನೆರವಿಗೆ ಬಂತು ನೋಡಿ! ದಂತವೈದ್ಯರು ಹಲ್ಲನ್ನು ತೊಳೆದು ಒಣಗಿಸಿ, ದ್ರವರೂಪದ ರಾಳ ಹಚ್ಚಿ, ನೀಲಿ ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಕೊರೆಯುವುದಿಲ್ಲ, ನೋವಿಲ್ಲ.

ಹಲ್ಲುಗಳ ನಡುವಿನ ಸಂದಿಯನ್ನು ಸೀಲಂಟ್ ಕಾಯದು, ಹಲ್ಲುಜ್ಜುವುದು ತಪ್ಪದು. ಇನ್ನು, 12ರ ಸುಮಾರಿಗೆ ಏಳನೆಯ ಹಲ್ಲು ಹುಟ್ಟುತ್ತದೆ. ನಿಮಗೆ ಬಂದಿದೆಯೇ?